ಹಳೆಯ ಮನೆಸಾಮಾನು: ಕೊಡುವ ಕ್ರಮ, ಪಡೆಯುವ ಕ್ರಮ

ಹೊಸ ಮನೆ ಕಟ್ಟಿಸಿದಾಗ, ಮಗಳ ಮದುವೆಯಾದಾಗ, ಹಿರಿಯರು ತೀರಿಕೊಂಡಾಗ ಮನೆಯಲ್ಲಿ ಸಾಮಾನು ಮಿಕ್ಕುತ್ತದೆ. ಎರಡನೆಯ ಮಿಕ್ಸರ್, ಖಾಲಿ ತೊಟ್ಟಿಲು, ಹಿತ್ತಾಳೆ ಹಂಡೆ, ಪಾಸಾದ ಮಕ್ಕಳ ಪುಸ್ತಕಗಳು ಅಟ್ಟದಲ್ಲಿ ವರ್ಷಗಟ್ಟಲೆ ಕೂರುತ್ತವೆ, ಇಲ್ಲವೇ ಗುಜರಿಗೆ ಹೋಗುತ್ತವೆ. ಅದೇ ಓಣಿಯಲ್ಲಿ ಹೊಸದಾಗಿ ಸಂಸಾರ ಹೂಡಿದವರು ಅವೇ ವಸ್ತುಗಳನ್ನು ಸಾಲ ಮಾಡಿ ಕೊಳ್ಳುತ್ತಿರಬಹುದು.

ಶ್ರಾವಕರ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಎಣಿಸುವ ಪರಿಗ್ರಹಗಳಲ್ಲಿ ಹೊಲ, ಮನೆ, ಬೆಳ್ಳಿ, ಬಂಗಾರದ ಜೊತೆಗೆ ‘ಕುಪ್ಯ’ವೂ ಇದೆ. ಬಟ್ಟೆ, ಪಾತ್ರೆ ಮೊದಲಾದ ಬಳಕೆಯ ವಸ್ತುಗಳು ಇದರಲ್ಲಿ ಸೇರುತ್ತವೆ. ಅಂದರೆ ಅಟ್ಟದ ಸಾಮಾನೂ ಲೆಕ್ಕಕ್ಕೆ ಬರುತ್ತದೆ. ಅದೇ ಅಧ್ಯಾಯದ ಕೊನೆಯಲ್ಲಿ ದಾನದ ಫಲ ನಾಲ್ಕು ಸಂಗತಿಗಳಿಂದ ಹೆಚ್ಚು ಕಡಿಮೆಯಾಗುತ್ತದೆ ಎಂಬ ಮಾತಿದೆ: ವಿಧಿ, ದ್ರವ್ಯ, ದಾತೃ, ಪಾತ್ರ. ಹಳೆಯ ಸಾಮಾನಿಗೂ ಇದೇ ಅಳತೆ ಸಾಕು.

ದ್ರವ್ಯ: ನಾವೇ ಬಳಸಲು ಹಿಂಜರಿಯುವಂಥದ್ದನ್ನು ಕೊಡಬಾರದು. ಬಟ್ಟೆ ಒಗೆದು ಗುಂಡಿ ಹಚ್ಚಿರಬೇಕು. ಹಾಸಿಗೆ, ಮಂಚದಲ್ಲಿ ಜೀವಜಂತು ಇವೆಯೇ ಎಂದು ನೋಡಿಯೇ ಸಾಗಿಸಬೇಕು. ಮಿಕ್ಸರ್, ಇಸ್ತ್ರಿ ಪೆಟ್ಟಿಗೆಯನ್ನು ನಡೆಸಿ ತೋರಿಸಿ, ದೋಷವಿದ್ದರೆ ಮೊದಲೇ ಹೇಳಿರಿ. ಪೂರ್ತಿ ಕೆಟ್ಟ ಟಿವಿ, ಮೊಬೈಲ್ ಇ-ತ್ಯಾಜ್ಯ. ಅದು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ಗ್ಯಾಸ್ ಸಿಲಿಂಡರನ್ನು ಕೈಯಿಂದ ಕೈಗೆ ಕೊಡುವಂತಿಲ್ಲ, ಏಜೆನ್ಸಿಯ ಮೂಲಕವೇ ವರ್ಗಾಯಿಸಬೇಕು.

ಪಾತ್ರ: ಯಾರಿಗೆ ಏನು ಬೇಕೆಂದು ಕೇಳಿ ಕೊಡಬೇಕು. ರಬಕವಿ-ಬನಹಟ್ಟಿಯಲ್ಲಿ ಮನೆಯೊಳಗೇ ಮಗ್ಗವಿಟ್ಟುಕೊಂಡ ನೇಕಾರರಿಗೆ ದೊಡ್ಡ ಕಪಾಟು ಭಾರವಾದೀತು. ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಭಾಗಕ್ಕೆ ಬಂದು ಹೊಲದ ಬದಿ ಗುಡಿಸಲು ಹಾಕುವ ಕಬ್ಬು ಕಡಿಯುವವರಿಗೆ ಮಂಚಕ್ಕಿಂತ ಕೌದಿ, ಸ್ವೆಟರ್ ಉಪಯೋಗ. ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ನಮ್ಮ ಭಾಗದ ಅವ್ವಂದಿರು ಮರುಬಳಕೆಯನ್ನು ಎಂದೋ ರೂಢಿಸಿಕೊಂಡವರು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದಾಗ ನದಿ ದಂಡೆಯ ಎಷ್ಟೋ ಸಂಸಾರಗಳು ಪಾತ್ರೆ, ಹಾಸಿಗೆಯಿಂದಲೇ ಮತ್ತೆ ಆರಂಭಿಸಬೇಕಾಯಿತು. ಅಂಥ ಹೊತ್ತಿನಲ್ಲಿ ಹರಕು ಬಟ್ಟೆಯ ಗಂಟಿಗಿಂತ ಒಂದು ಕುಕ್ಕರ್, ನಾಲ್ಕು ತಾಟು ದೊಡ್ಡ ನೆರವು.

ದಾತೃ: ಕೊಡುವವರ ಮನಸ್ಸಿನಲ್ಲಿ ಹೆಚ್ಚುಗಾರಿಕೆ ಇರಬಾರದು. ಜಿನಸೇನಾಚಾರ್ಯರ ಆದಿಪುರಾಣ ದಯಾದತ್ತಿಯ ಜೊತೆಗೆ ಸಮದತ್ತಿಯನ್ನೂ ಹೇಳುತ್ತದೆ. ಇದು ಸಮಾನರು ಸಮಾನರಿಗೆ ಕೊಡುವುದು. ಸಹಧರ್ಮಿಯ ಮನೆಗೆ ತೊಟ್ಟಿಲು ಕಳಿಸುವುದು ಈ ಬಗೆಯದು. ಆದ್ದರಿಂದ ಪಡೆದವರ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಹಾಕಬೇಡಿ. “ಅದು ನಾವು ಕೊಟ್ಟದ್ದು” ಎಂಬ ಒಂದು ಮಾತು ಆ ಮನೆಯವರನ್ನು ಮುಂದೆ ಏನೂ ಕೇಳದಂತೆ ಮಾಡುತ್ತದೆ.

ವಿಧಿ: ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2023ರ ಮೇ 15ರಂದು ‘ಮೇರಿ ಲೈಫ್, ಮೇರಾ ಸ್ವಚ್ಛ ಶಹರ್’ ಅಭಿಯಾನ ಆರಂಭಿಸಿ, ಬಟ್ಟೆ, ಪುಸ್ತಕ, ಪಾದರಕ್ಷೆ ಮೊದಲಾದವನ್ನು ಸಂಗ್ರಹಿಸುವ ‘ಆರ್‌ಆರ್‌ಆರ್’ ಕೇಂದ್ರಗಳನ್ನು ತೆರೆಯಲು ನಗರ ಸ್ಥಳೀಯ ಸಂಸ್ಥೆಗಳಿಗೆ ಸೂಚಿಸಿತು. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯವರು ನಗರಸಭೆಯಲ್ಲಿ, ಬೀಳಗಿಯವರು ಪಟ್ಟಣ ಪಂಚಾಯಿತಿಯಲ್ಲಿ ಈ ಬಗ್ಗೆ ವಿಚಾರಿಸಬಹುದು. ಬಸದಿಯಲ್ಲಿ ಕಮಿಟಿಯವರ ಒಪ್ಪಿಗೆ ಪಡೆದು ‘ಕೊಡುವುದಿದೆ’, ‘ಬೇಕಾಗಿದೆ’ ಎಂಬ ಎರಡು ಪಟ್ಟಿ ಇಡುವುದು ಇನ್ನೂ ಸುಲಭ. ಬೇಕೆಂದು ಬರೆಸಿದವರ ಹೆಸರು ಪಟ್ಟಿ ನೋಡಿಕೊಳ್ಳುವ ಒಬ್ಬರಲ್ಲೇ ಉಳಿಯಲಿ. ಮೊದಲು ಕೇಳಿದವರಿಗೆ ಮೊದಲು ಕೊಡಲಿ, ಸಾಗಿಸುವ ಖರ್ಚು ಯಾರದೆಂದು ಮೊದಲೇ ಮಾತಾಗಲಿ.

ಪಡೆಯುವವರಿಗೂ ಕ್ರಮವಿದೆ. ಬೇಕಾದಷ್ಟನ್ನೇ ಪಡೆಯಿರಿ, ಹೊಂದದಿದ್ದರೆ ಸಂಕೋಚವಿಲ್ಲದೆ ಬೇಡ ಎನ್ನಿ, ಪುಕ್ಕಟೆ ಪಡೆದದ್ದನ್ನು ಮಾರದೆ, ಕೆಲಸ ಮುಗಿದ ಮೇಲೆ ಮುಂದಿನವರಿಗೆ ದಾಟಿಸಿ.

ಪುಸ್ತಕದ ಮಾತು ಬಂದಾಗ ಮುಧೋಳದವರಿಗೆ ರನ್ನ ನೆನಪಾಗುತ್ತಾನೆ. ಬಳೆಗಾರರ ಮನೆಯ ಆ ಕವಿಗೆ ಆಶ್ರಯವಿತ್ತ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಯಿಸಿ ಹಂಚಿದಳು. ನಮ್ಮ ಮಕ್ಕಳ ಕಳೆದ ವರ್ಷದ ಪುಸ್ತಕಗಳನ್ನು ರದ್ದಿಗೆ ಹಾಕದೆ ಈ ಜೂನ್‌ಗೆ ಮೊದಲೇ ಇನ್ನೊಂದು ಮಗುವಿಗೆ ಮುಟ್ಟಿಸಿದರೆ, ಅದೂ ಶಾಸ್ತ್ರದಾನದ ದಾರಿಯಲ್ಲೇ ಒಂದು ಹೆಜ್ಜೆ.