ಕೆರೆ, ಕಾಯಕ ಮತ್ತು ಷಟ್‌ಸ್ಥಲ

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯ ಮೇಲಿರುವ ಭರಮಸಾಗರವು ಕೆರೆಯಿಂದ ಹೆಸರು ಪಡೆದ ಊರು. 1689ರಿಂದ 1721ರವರೆಗೆ ದುರ್ಗವನ್ನಾಳಿದ ಬಿಚ್ಚುಗತ್ತಿ ಭರಮಣ್ಣನಾಯಕನು ಆ ಕೆರೆಯನ್ನು ಕಟ್ಟಿಸಿದನು. ಮಳೆ ಕಡಮೆಯಾದ ಈ ಸೀಮೆಯಲ್ಲಿ ಕೆರೆ ಕಟ್ಟಿಸುವುದು ಪುಣ್ಯಕಾರ್ಯಗಳಲ್ಲೆಲ್ಲ ಮೇಲಾದದ್ದೆಂದು ನಮ್ಮ ಹಿರಿಯರು ಬಗೆದಿದ್ದರು. ಕಟ್ಟಿಸಿದವನ ಹೆಸರು ನೀರಿನೊಡನೆ ಉಳಿಯಿತು. ಮಣ್ಣು ಹೊತ್ತವರ ಹೆಸರು ಉಳಿಯಲಿಲ್ಲ. ಹಾಗಾದರೆ ಪುಣ್ಯವು ಯಾರದು? ಈ ಪ್ರಶ್ನೆಯನ್ನು ನಾಯಕರ ಕಾಲಕ್ಕಿಂತ ಐದು ಶತಮಾನಗಳಿಗೂ ಹಿಂದೆಯೇ ಎತ್ತಿಕೊಂಡು, ಅದಕ್ಕೆ ಒಂದು ಸಮಗ್ರ ದರ್ಶನದ ಮೂಲಕ ಉತ್ತರ ಹೇಳಿದ ಪರಂಪರೆಯೆಂದರೆ ಶಿವಶರಣರದು. ಅದರ ಮುಖ್ಯ ತತ್ತ್ವಗಳನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸೋಣ.

ಹನ್ನೆರಡನೆಯ ಶತಮಾನದ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮನೆಂಬ ಶಿವಯೋಗಿಯಿದ್ದನು. ಕೆರೆ ತೋಡಿಸುವುದು, ಗುಡಿ ಕಟ್ಟಿಸುವುದು ಇವೇ ಅವನ ಸಾಧನೆ. ಅಲ್ಲಮಪ್ರಭುವು ಅಲ್ಲಿಗೆ ಬಂದು ಅವನನ್ನು ‘ಒಡ್ಡ’ನೆಂದು ಕರೆದನೆಂದೂ, ಸಿಟ್ಟಿಗೆದ್ದ ಕೆಲಸಗಾರರು ಕಲ್ಲು ಬೀರಿದರೆಂದೂ ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯು ಹೇಳುತ್ತದೆ. ಅಲ್ಲಮನ ಆಕ್ಷೇಪವು ಕೆರೆಯ ಮೇಲಲ್ಲ. ‘ನಾನು ಕಟ್ಟಿಸಿದೆನು’ ಎಂಬ ಭಾವದ ಮೇಲೆ. ಹೊರಗಿನ ಕೆಲಸವೆಷ್ಟೇ ಹಿರಿದಾದರೂ ಮಾಡುವವನು ತನ್ನನ್ನು ತಾನು ಅರಿಯದಿದ್ದರೆ ಅದು ಅಹಂಕಾರಕ್ಕೆ ಕಟ್ಟಿದ ಏರಿಯಾಗುತ್ತದೆ ಎಂಬುದು ಅವನ ಅಭಿಪ್ರಾಯ. ಸಿದ್ಧರಾಮನು ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದನೆಂದು ಪರಂಪರೆಯು ಹೇಳುತ್ತದೆ. ಕಲ್ಲುಮಣ್ಣಿನ ಕೆಲಸವನ್ನೇ ಕುಲವೃತ್ತಿಯಾಗಿ ಉಳ್ಳ ಭೋವಿ ಜನರು ಇಂದಿಗೂ ಸಿದ್ಧರಾಮೇಶ್ವರನನ್ನೇ ಕುಲಗುರುವೆಂದು ಪೂಜಿಸುತ್ತಾರೆ. ಅವರ ಗುರುಪೀಠವಿರುವುದು ಚಿತ್ರದುರ್ಗದಲ್ಲಿಯೇ. ಬೈಗುಳವಾಗಿ ಬಂದ ಒಂದು ಹೆಸರಿನ ಜನ ಆ ಯೋಗಿಯನ್ನು ತಮ್ಮವನನ್ನಾಗಿ ಮಾಡಿಕೊಂಡದ್ದು ಚಿಂತನಾರ್ಹವಾದ ಸಂಗತಿ.

ಕೆಲಸಕ್ಕೆ ಶರಣರು ಕೊಟ್ಟ ಹೆಸರು ಕಾಯಕ. ಕಾಯದಿಂದ ನಡೆಯುವ ದುಡಿಮೆಯೆಂಬುದು ಅದರ ಮೊದಲ ಅರ್ಥ. ಆದರೆ ದುಡಿಮೆಯೆಲ್ಲವೂ ಕಾಯಕವಲ್ಲ. ಅದು ಸತ್ಯಶುದ್ಧವಾಗಿರಬೇಕು, ಅದರಿಂದ ಬಂದದ್ದು ದಾಸೋಹಕ್ಕೆ ಸಲ್ಲಬೇಕು. ಗೀತೆಯು ಕರ್ಮಫಲವನ್ನು ತ್ಯಜಿಸೆಂದು ಬೋಧಿಸುತ್ತದೆ. ಶರಣರಾದರೋ ಫಲವನ್ನು ಹಂಚಿ ಉಣ್ಣೆಂದು ಬೋಧಿಸಿದರು. ದಾಸೋಹವೆಂದರೆ ದಾನವಲ್ಲ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನು. ಸ್ವೀಕರಿಸುವ ಜಂಗಮವೇ ಒಡೆಯನು.

ಈ ತತ್ತ್ವವು ಎಷ್ಟು ನಿಷ್ಠುರವಾದದ್ದೆಂಬುದನ್ನು ಆಯ್ದಕ್ಕಿ ಮಾರಯ್ಯನ ವೃತ್ತಾಂತವು ತೋರಿಸುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮನು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಬಡತನವು ಅವಳಿಗೆ ಆಸೆಯ ನೆವವಾಗಲಿಲ್ಲ. ಹಗ್ಗ ಹೊಸೆಯುವ ನುಲಿಯ ಚಂದಯ್ಯನ ಕಥೆಯಲ್ಲಿಯಂತೂ, ಹುಲ್ಲು ಕೊಯ್ಯುವಾಗ ಕಳಚಿಬಿದ್ದ ಲಿಂಗಕ್ಕಿಂತ ಹಿಡಿದ ಕೆಲಸವೇ ಮುಖ್ಯವಾಗುತ್ತದೆ. ಗುರುವಾಗಲಿ ಲಿಂಗವಾಗಲಿ ಜಂಗಮವಾಗಲಿ, ಕಾಯಕದ ಹಂಗಿನಿಂದ ಯಾರೂ ಹೊರತಲ್ಲ.

ಇಷ್ಟಾದರೆ ಇದು ನೀತಿಬೋಧೆಯಾಯಿತು. ದರ್ಶನವೆಲ್ಲಿ ಎಂದು ಕೇಳಬಹುದು. ಅದಕ್ಕೆ ಉತ್ತರವಾಗಿ ಷಟ್‌ಸ್ಥಲವಿದೆ. ಪರವಸ್ತುವು ಒಂದೇ. ಅದರ ಶಕ್ತಿಯ ಸ್ಫುರಣದಿಂದ ಅದು ಲಿಂಗವೆಂದೂ ಅಂಗವೆಂದೂ, ಅರ್ಥಾತ್ ಉಪಾಸ್ಯನೆಂದೂ ಉಪಾಸಕನೆಂದೂ ಇಬ್ಬಗೆಯಾಗಿ ತೋರುತ್ತದೆ. ಲಿಂಗದಲ್ಲಿ ಶಕ್ತಿಯಾಗಿರುವುದೇ ಅಂಗದಲ್ಲಿ ಭಕ್ತಿಯಾಗುತ್ತದೆ. ಶಕ್ತಿಯಿಂದ ಒಂದು ಎರಡಾಯಿತು. ಭಕ್ತಿಯಿಂದ ಎರಡು ಮತ್ತೆ ಒಂದಾಗಬೇಕು. ಹಾಗೆ ಹಿಂದಿರುಗುವ ದಾರಿಯ ಆರು ನೆಲೆಗಳೇ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಭಕ್ತನಲ್ಲಿ ಶ್ರದ್ಧೆಯಿದೆ, ಮಹೇಶನಲ್ಲಿ ಅದು ಅಚಲವಾದ ನಿಷ್ಠೆಯಾಗುತ್ತದೆ. ಪ್ರಸಾದಿಯು ತನಗೆ ಬಂದದ್ದನ್ನೆಲ್ಲ ಎಚ್ಚರದಿಂದ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವನು. ಈ ಎಚ್ಚರಕ್ಕೆ ಅವಧಾನವೆಂದು ಹೆಸರು. ಪ್ರಾಣಲಿಂಗಿಗೆ ಅಂಗೈಯ ಲಿಂಗವು ಒಳಗಿನ ಅನುಭಾವವಾಗುತ್ತದೆ. ಶರಣನದು ಆನಂದ, ಐಕ್ಯನದು ಸಮರಸ. ಆರು ನೆಲೆಗಳಲ್ಲಿ ಯಾವುದನ್ನೂ ಲೋಕವನ್ನು ಬಿಟ್ಟು ಕಾಡಿನಲ್ಲಿ ಸಾಧಿಸಬೇಕಾಗಿಲ್ಲವೆಂಬುದನ್ನು ಗಮನಿಸಬೇಕು. ಹಗ್ಗ ಹೊಸೆಯುವ ಕೈಯಲ್ಲಿಯೇ ಅವಧಾನವಿರಬಹುದು. ಸಿದ್ಧರಾಮನಿಗೆ ಕೊರತೆಯಾಗಿದ್ದುದು ಕೆಲಸವಲ್ಲ, ಕೆಲಸದೊಳಗಿನ ಈ ಅರಿವು.

ಪಾಶ್ಚಾತ್ಯರಲ್ಲಿಯೂ ಇದಕ್ಕೆ ಸಮೀಪವಾದ ವಿಚಾರವುಂಟು. ಹದಿನಾರನೆಯ ಶತಮಾನದ ಜರ್ಮನಿಯಲ್ಲಿ ಮಾರ್ಟಿನ್ ಲೂಥರನು ಚಮ್ಮಾರನ ಕೆಲಸವೂ ಪಾದ್ರಿಯ ಕೆಲಸದಂತೆ ದೇವರಿಗೆ ಸಲ್ಲುವ ಸೇವೆಯೆಂದು ಬೋಧಿಸಿದನು. ಆದರೆ ಪ್ರತಿಯೊಬ್ಬನೂ ತಾನಿರುವ ಸ್ಥಾನದಲ್ಲಿಯೇ ಇರತಕ್ಕದ್ದೆಂಬ ಕಡೆಗೆ ಅವನ ಒಲವು. ಶರಣರು ಒಂದು ಹೆಜ್ಜೆ ಮುಂದೆ ಹೋದರು. ಚಮ್ಮಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆಯಾಯಿತೆಂದೂ, ಆ ತಂದೆಯರಿಬ್ಬರಿಗೂ ಬಿಜ್ಜಳನು ಘೋರವಾದ ಶಿಕ್ಷೆ ವಿಧಿಸಿದನೆಂದೂ, ಶರಣರು ಕಲ್ಯಾಣವನ್ನು ಬಿಟ್ಟು ಚೆದುರಿದರೆಂದೂ ಪರಂಪರೆಯು ಹೇಳುತ್ತದೆ. ಕೆಲಸವು ಸಮಾನವೆಂದು ಹೇಳುವುದು ಸುಲಭ. ಹಾಗೆಂದು ಹೆಣ್ಣು ಕೊಟ್ಟು ತರುವುದು ಕಷ್ಟ. ಶರಣರ ಮಾತಿನ ಬೆಲೆಯನ್ನು ನಾವು ಅಳೆಯಬೇಕಾದದ್ದು ಇಲ್ಲಿಯೇ.

ಈ ಪರಂಪರೆಯು ಭರಮಸಾಗರಕ್ಕೆ ದೂರದ್ದಲ್ಲ. ಹತ್ತಿರದ ಸಿರಿಗೆರೆಯಲ್ಲಿ ತರಳಬಾಳು ಬೃಹನ್ಮಠವಿದೆ; ಬಸವಣ್ಣನವರ ಸಮಕಾಲೀನನಾದ ಮರುಳಸಿದ್ಧನು ಅದರ ಮೂಲಪುರುಷನೆಂದು ನಂಬಿಕೆ. ಮಾಘಮಾಸದ ತರಳಬಾಳು ಹುಣ್ಣಿಮೆಯು ವರ್ಷಕ್ಕೊಂದು ಊರಿನಲ್ಲಿ ನಡೆಯುತ್ತ ಬಂದಿದೆ. ಅಲ್ಲಿ ಅನ್ಯಮತೀಯ ವಿದ್ವಾಂಸರಿಗೂ ವೇದಿಕೆಯುಂಟು. 2021ರಲ್ಲಿ ತುಂಗಭದ್ರೆಯ ನೀರು ಏತ ನೀರಾವರಿಯ ಕೊಳವೆಗಳ ಮೂಲಕ ಭರಮಣ್ಣನಾಯಕನ ಕೆರೆಗೆ ಹರಿದು ಬಂದಿತು. ಬಹುಕಾಲ ನೀರಿಗಾಗಿ ಕಾದಿದ್ದ ಜನರ ಸಂತೋಷವು ಸಹಜವಾದದ್ದು.

ಈ ಪಂಥವನ್ನು ಹಿಂದೂ ಧರ್ಮದ ಒಂದು ಶಾಖೆಯೆನ್ನುವವರೂ ಸ್ವತಂತ್ರ ಧರ್ಮವೆನ್ನುವವರೂ ಇದ್ದಾರೆ. ಆ ವಾದವನ್ನು ಇಲ್ಲಿ ಬೆಳೆಸುವುದು ನಮ್ಮ ಉದ್ದೇಶವಲ್ಲ. ಹೆಸರು ಯಾವುದಾದರೂ, ಪರೀಕ್ಷೆ ಒಂದೇ. ಕೂಲಿಗೆ ಬಂದವನಿಗೆ ಎಲೆಯಲ್ಲಿ ಬಡಿಸುವಾಗ ನಾವು ದಾನಿಗಳಂತೆ ನಿಲ್ಲುತ್ತೇವೆಯೋ, ದಾಸರಂತೆ ನಿಲ್ಲುತ್ತೇವೆಯೋ? ಅವನ ಕೂಲಿಯನ್ನು ತಡಮಾಡದೆ ಕೊಡುತ್ತೇವೆಯೋ ಇಲ್ಲವೋ? ಅವನ ಮಗನನ್ನು ನಮ್ಮ ಮಗನ ಸಾಲಿನಲ್ಲಿ ಕೂರಿಸುತ್ತೇವೆಯೋ ಇಲ್ಲವೋ? ಷಟ್‌ಸ್ಥಲದ ಮೊದಲ ಮೆಟ್ಟಿಲಾದ ಭಕ್ತಸ್ಥಲವು ಇಂತಹ ಪ್ರಶ್ನೆಗಳಿಂದಲೇ ಆರಂಭವಾಗುತ್ತದೆ. ಅವನ್ನು ದಾಟದೆ ಐಕ್ಯಸ್ಥಲದ ಮಾತನಾಡುವುದಕ್ಕೆ ನಮಗೆ ಅಧಿಕಾರವಿಲ್ಲ.