20 ಬೈಟಿನ ಬ್ಯಾಕಪ್

ಅಭ್ಯಾಸ ಬೋಧನೆಗೆಂದು ದಾವಣಗೆರೆಯಿಂದ ಹರಿಹರದ ಒಂದು ಪ್ರೌಢಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಂಬತ್ತನೇ ತರಗತಿಯ 52 ಮಕ್ಕಳ ಕಿರುಪರೀಕ್ಷೆಯ ಅಂಕಗಳನ್ನು ಅಲ್ಲಿಯ ಉಬುಂಟು ಗಣಕದಲ್ಲಿ ಮೈಸೀಕ್ವೆಲ್ ದತ್ತಸಂಚಯಕ್ಕೆ ಹಾಕಿದ್ದೆ. ಬಿ.ಎಸ್ಸಿ.ಯಲ್ಲಿ ಕಲಿತದ್ದು ಕೆಲಸಕ್ಕೆ ಬಂತೆಂಬ ಹಿಗ್ಗು ಬೇರೆ.

ದತ್ತಸಂಚಯದ ಪಾಠಕ್ಕೆ ಪಹಣಿಯನ್ನೇ ಪೀಠಿಕೆ ಮಾಡಿಕೊಂಡೆ. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆಯಿಂದ ಕೈಬರಹದ ಪಹಣಿ ಗಣಕಕ್ಕೆ ಸೇರಿತು ಎಂದಾಗ ಒಬ್ಬ ಹುಡುಗ ಎದ್ದುನಿಂತು, “ಆ ಕಂಪ್ಯೂಟರ್ ಕೆಟ್ರೆ ನಮ್ ಹೊಲದ ಲೆಕ್ಕ ಹೋಗುತ್ತೇನ್ರಿ ಸರ್?” ಎಂದ. ಪಾಠ ಯೋಜನೆಯಲ್ಲಿ ಇಲ್ಲದ ಪ್ರಶ್ನೆ. ದಿನಾ ಒಂದು ಪ್ರತಿ ತೆಗೆದಿಡುತ್ತಾರೆ, ನಾನೂ ನಿಮ್ಮ ಅಂಕಗಳಿಗೆ ಹಾಗೇ ಮಾಡಿದ್ದೇನೆ ಎಂದು ಧೈರ್ಯವಾಗಿ ಹೇಳಿದೆ.

ಮಾಡಿದ್ದು ಇಷ್ಟು. ಕೋಷ್ಟಕಗಳನ್ನೆಲ್ಲ ಪಠ್ಯವಾಗಿ ಬರೆದುಕೊಡುವ ಆದೇಶ ‘ಮೈಸೀಕ್ವೆಲ್‌ಡಂಪ್’. ಅದರಿಂದ ಬಂದದ್ದನ್ನು ‘ಪೈಪ್’ ಮೂಲಕ ‘ಜಿಜಿಪ್’‌ಗೆ ಕೊಟ್ಟರೆ ಕಡತ ಚಿಕ್ಕದಾಗುತ್ತದೆ. ಏಳು ದಿನಕ್ಕಿಂತ ಹಳೆಯ ಕಡತಗಳನ್ನು ಅಳಿಸುವ ಸಾಲನ್ನೂ ಸೇರಿಸಿ ಒಂದು ಸ್ಕ್ರಿಪ್ಟ್ ಬರೆದೆ. ಹೊತ್ತಿಗೆ ಸರಿಯಾಗಿ ಅದನ್ನು ಓಡಿಸುವುದು ‘ಕ್ರಾನ್’, ಶಾಲೆಯಲ್ಲಿ ಗಂಟೆ ಹೊಡೆಯುವವರಿದ್ದಂತೆ. ಅದಕ್ಕೆ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂದು ಐದು ಮನೆ ತುಂಬಬೇಕು. ಮೊದಲು 30 2 * * * ಎಂದು ಬರೆದೆ, ಅಂದರೆ ನಸುಕಿನ ಎರಡೂವರೆ. ಆ ಹೊತ್ತಿಗೆ ಶಾಲೆಯ ಗಣಕ ಆರಿರುತ್ತದೆ. ತಪ್ಪಿದ ಕೆಲಸವನ್ನು ಕ್ರಾನ್ ಆಮೇಲೆ ಮಾಡುವುದಿಲ್ಲ (ಅದಕ್ಕೆ ‘ಅನಾಕ್ರಾನ್’ ಇದೆ). 0 16 * * 1-6 ಎಂದು ತಿದ್ದಿದೆ. ಸೋಮವಾರದಿಂದ ಶನಿವಾರದವರೆಗೆ ಸಂಜೆ ನಾಲ್ಕಕ್ಕೆ ಕಡತ ಹುಟ್ಟತೊಡಗಿತು.

ಎರಡು ವಾರದ ಮೇಲೆ, ಊಟದ ವಿರಾಮದಲ್ಲಿ ಮುಂದಿನ ಪಾಠದ ತಾಲೀಮು ಮಾಡುತ್ತ ‘ಡಿಲೀಟ್’ ಆದೇಶಕ್ಕೆ ‘ವೇರ್’ ಷರತ್ತು ಹಾಕುವುದನ್ನೇ ಮರೆತೆ. 52 ಸಾಲೂ ಹೋದವು. ಗಾಬರಿಯಾಗಲಿಲ್ಲ, ಬ್ಯಾಕಪ್ ಇತ್ತಲ್ಲ. ತೆರೆದು ನೋಡಿದರೆ ಆರು ಕಡತ, ಪ್ರತಿಯೊಂದೂ 20 ಬೈಟ್. ಏನೂ ಕೊಡದೆ ಜಿಜಿಪ್ ಓಡಿಸಿದರೆ ಬರುವ ಖಾಲಿ ಕಡತದ ಗಾತ್ರ ಅದು. ಮೊದಲ ದಿನ ನಾನು ಕೈಯಾರೆ ಓಡಿಸಿದಾಗ ಬಂದಿದ್ದ ಒಳ್ಳೆಯ ಪ್ರತಿಯನ್ನು ನನ್ನ ಸ್ಕ್ರಿಪ್ಟೇ ಅಳಿಸಿತ್ತು.

ಉತ್ತರಪತ್ರಿಕೆಗಳು ಆಗಲೇ ಮಕ್ಕಳ ಮನೆ ಸೇರಿದ್ದವು. ತರಗತಿಯ ಮುಂದೆ ತಪ್ಪೊಪ್ಪಿಕೊಂಡು ವಾಪಸ್ ತರಲು ಕೇಳಿದೆ. ಮೂವರದು ಸಿಗಲಿಲ್ಲ, ಅವರಿಗೆ ಮರುಪರೀಕ್ಷೆ. ಮೊದಲು 18 ಬಂದಿತ್ತೆಂದ ಹುಡುಗಿಗೆ ಈ ಸಲ 15 ಬಂತು. ಅವಳೇನೂ ಅನ್ನಲಿಲ್ಲ.

ಕಾರಣ ಹುಡುಕಲು ಒಂದು ಸಂಜೆ ಹಿಡಿಯಿತು. ನಾವು ಟರ್ಮಿನಲ್‌ನಲ್ಲಿ ಆದೇಶ ಕೊಟ್ಟಾಗ ಗಣಕ ಅದನ್ನು ‘ಪಾತ್’ ಎಂಬ ಪಟ್ಟಿಯ ಕಡತಕೋಶಗಳಲ್ಲಿ ಹುಡುಕುತ್ತದೆ. ಕ್ರಾನ್‌ಗೆ ಸಿಗುವ ಪಟ್ಟಿ ತೀರ ಚಿಕ್ಕದು. ಮೈಸೀಕ್ವೆಲ್‌ಡಂಪ್ ಇದ್ದ ಜಾಗ ಅದರಲ್ಲಿ ಇರಲಿಲ್ಲ. ಡಂಪ್ ವಿಫಲವಾಯಿತು, ಆದರೆ ಪೈಪಿನ ಫಲಿತಾಂಶವೆಂದು ಗಣಕ ನೋಡುವುದು ಕೊನೆಯ ಆದೇಶವನ್ನು ಮಾತ್ರ. ಖಾಲಿಯನ್ನು ಒತ್ತುವುದರಲ್ಲಿ ಜಿಜಿಪ್ ಸಫಲವೇ! ಗಂಟೆ ಹೊಡೆಯಿತು, ಮೇಷ್ಟ್ರು ಬಂದಿರಲಿಲ್ಲ.

ಈಗ ಬ್ಯಾಷ್ ಸ್ಕ್ರಿಪ್ಟಿನಲ್ಲಿ ಆದೇಶದ ಪೂರ್ಣ ವಿಳಾಸ ಬರೆದಿದ್ದೇನೆ. ಪೈಪಿನಲ್ಲಿ ಯಾವುದು ಸೋತರೂ ಸೋಲೆಂದೇ ಎಣಿಸುವ ‘ಪೈಪ್‌ಫೇಲ್’ ಆಯ್ಕೆ ಹಾಕಿದ್ದೇನೆ. ಹೊಸ ಪ್ರತಿ ಸರಿಯಿದ್ದರೆ ಮಾತ್ರ ಹಳೆಯದು ಅಳಿಯುತ್ತದೆ.

ಇದು ನನ್ನಂಥ ಹೊಸಬರ ತಪ್ಪು ಮಾತ್ರವಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಒಬ್ಬ ಎಂಜಿನಿಯರ್ ತಪ್ಪು ಸರ್ವರ್‌ನಲ್ಲಿ ದತ್ತಸಂಚಯ ಅಳಿಸಿದರು. ದಿನದ ಡಂಪ್ ಆವೃತ್ತಿ ಹೊಂದದೆ ವಿಫಲವಾಗುತ್ತಲೇ ಇತ್ತು, ಹಾಗೆಂದು ತಿಳಿಸುವ ಮಿಂಚಂಚೆಗಳು ತಲುಪುತ್ತಲೇ ಇರಲಿಲ್ಲ. ಸುಮಾರು ಆರು ಗಂಟೆ ಹಿಂದಿನ ಬೇರೊಂದು ಪ್ರತಿ ಇದ್ದದ್ದರಿಂದ ಉಳಿದರು.

ಆಮೇಲೆ ಪ್ರತಿ ಶನಿವಾರ ಬ್ಯಾಕಪ್ಪನ್ನು ಬೇರೆ ಹೆಸರಿನ ದತ್ತಸಂಚಯಕ್ಕೆ ಮರಳಿ ತುಂಬಿ, ಸಾಲು ಎಣಿಸುವ ಕೆಲಸವನ್ನು ಮಕ್ಕಳಿಗೇ ಕೊಟ್ಟೆ. ಕೊನೆಯ ಶನಿವಾರ ಆ ಹುಡುಗಿ ಕೀಲಿಮಣೆಯ ಮುಂದೆ ಕೂತಳು. “52 ಅದಾವೆ ಸರ್,” ಎಂದಳು. ಆಮೇಲೆ ತನ್ನ ಸಾಲನ್ನೂ ಹುಡುಕಿ ನೋಡಿದಳು.