ವಾರಂಟಿ ಮುಗಿದ ಮೇಲೂ ಹಕ್ಕು ಇದೆ, ಕೇಳಿ ಪಡೀರಿ

ಚಿಕ್ಕಬಾಣಾವರದಿಂದ ಸೋಲದೇವನಹಳ್ಳಿ ಕಡೆ ಕಾಲೇಜಿಗೆ ಹೋಗುವ ಮಕ್ಕಳನ್ನು ನೋಡಿ. ಎಲ್ಲರ ಬ್ಯಾಗಿನಲ್ಲೂ ಒಂದು ಲ್ಯಾಪ್‌ಟಾಪ್. ಎಷ್ಟೋ ಮನೆಗಳಲ್ಲಿ ಅದು ಸಾಲ ಮಾಡಿ ಕೊಡಿಸಿದ್ದು. ಎಂಜಿನಿಯರಿಂಗ್ ನಾಲ್ಕು ವರ್ಷ, ವಾರಂಟಿ ಬಹಳಷ್ಟು ಸಲ ಒಂದೇ ವರ್ಷ. ಹದಿಮೂರನೇ ತಿಂಗಳಲ್ಲಿ ಮದರ್‌ಬೋರ್ಡ್ ಕೈಕೊಟ್ಟರೆ ಸರ್ವಿಸ್ ಸೆಂಟರಿನಲ್ಲಿ ಒಂದೇ ಉತ್ತರ: "ವಾರಂಟಿ ಮುಗಿದಿದೆ ಸರ್, ದುಡ್ಡು ಕಟ್ಟಬೇಕು."

ಅಲ್ಲಿಗೆ ಕಥೆ ಮುಗೀತಾ? ಇಲ್ಲ ವೀಕ್ಷಕರೇ.

ವಾರಂಟಿ ಅನ್ನೋದು ಕಂಪನಿ ಕೊಟ್ಟ ಮಾತು. ಕಾನೂನು ಅದರಾಚೆಗೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ವಸ್ತುವಿನ ಗುಣಮಟ್ಟದಲ್ಲಿರುವ ಕೊರತೆಯನ್ನು ಅದು 'ದೋಷ' ಅನ್ನುತ್ತದೆ. ಕಾಗದದಲ್ಲಿ ಬರೆದ ಷರತ್ತು ಮಾತ್ರ ಅಲ್ಲ, ಬರೆಯದೆಯೂ ಇದೆ ಎಂದೇ ಭಾವಿಸುವ ಷರತ್ತೂ ಲೆಕ್ಕಕ್ಕೆ ಬರುತ್ತದೆ.

ಆದರೆ ನಿಜ ಹೇಳಬೇಕು. ವಾರಂಟಿ ಮುಗಿದ ಮೇಲೆ ಕೆಟ್ಟಿದ್ದಕ್ಕೆಲ್ಲ ಕಂಪನಿ ಹೊಣೆ ಅಲ್ಲ. ಬಳಸಿ ಸವೆದ ಬ್ಯಾಟರಿ ಬೇರೆ, ಕಾರ್ಖಾನೆಯಿಂದಲೇ ದೋಷ ಹೊತ್ತು ಬಂದ ಚಿಪ್ ಬೇರೆ. ಎರಡನೆಯದು ಅಂತ ತೋರಿಸಬೇಕಾದವರು ನಾವೇ. ತೋರಿಸೋದು ಹೇಗೆ? ವಾರಂಟಿ ಇದ್ದಾಗಲೇ ಅದೇ ತೊಂದರೆಗೆ ಎರಡು ಮೂರು ಸಲ ರಿಪೇರಿಗೆ ಕೊಟ್ಟಿದ್ದರೆ ಆ ಜಾಬ್ ಶೀಟೇ ದೊಡ್ಡ ಸಾಕ್ಷಿ. ಅಗತ್ಯ ಬಿದ್ದರೆ ಗ್ರಾಹಕರ ಆಯೋಗವೇ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಅದೇ ಮಾಡೆಲ್ಲಿನಲ್ಲಿ ಎಲ್ಲರಿಗೂ ಅದೇ ತೊಂದರೆ ಅಂತ ಕಂಪನಿಯೇ ಒಪ್ಪಿದ್ದರೆ ನಿಮ್ಮ ಕೈ ಇನ್ನೂ ಬಲ.

ಹಾಗೆ ಒಪ್ಪಿದ ಉದಾಹರಣೆ ಇದೆ. 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹೆಚ್ಚಿನ ವೋಲ್ಟೇಜ್‌ನಿಂದ ಕಂಪ್ಯೂಟರ್ ಆಗಾಗ ಕ್ರ್ಯಾಶ್ ಆಗ್ತಿತ್ತು. 2024ರಲ್ಲಿ ಇಂಟೆಲ್ ಕಂಪನಿ ಅವುಗಳ ವಾರಂಟಿಗೆ ಇನ್ನೂ ಎರಡು ವರ್ಷ ಸೇರಿಸಿತು. ಜಗತ್ತಿನಾದ್ಯಂತ ಬಳಕೆದಾರರು ಸುಮ್ಮನಿರಲಿಲ್ಲ, ಅದಕ್ಕೇ ಇದು ಸಾಧ್ಯವಾಯ್ತು. ಹಾಗಾಗಿ ದುಡ್ಡು ಕಟ್ಟುವ ಮೊದಲು ನಿಮ್ಮ ಮಾಡೆಲ್ಲಿಗೆ ಇಂಥ ವಿಸ್ತರಣೆ ಇದೆಯಾ ಅಂತ ಕಂಪನಿಯನ್ನೇ ಕೇಳಿ.

ಈಗ ಏನು ಮಾಡಬೇಕು? ಮೊದಲು ಕಂಪನಿಗೂ ಅಂಗಡಿಗೂ ಬರವಣಿಗೆಯಲ್ಲಿ ದೂರು ಕೊಡಿ, ಬಾಯಿಮಾತು ಬೇಡ. ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ ಅಂತ ಸರ್ವಿಸ್ ಸೆಂಟರಿನಿಂದ ಬರೆಸಿಕೊಳ್ಳಿ. ಅಲ್ಲಿಯವರೆಗೆ ಹೊರಗೆ ಬಿಚ್ಚಿಸಬೇಡಿ, ಸಾಕ್ಷಿ ಹೋಗುತ್ತೆ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಎಸ್‌.ಪಿ. ರೋಡಿನಲ್ಲಿ ಕೊಂಡಿರಿ, ಆನ್‌ಲೈನಲ್ಲಿ ತರಿಸಿರಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಚಿಕ್ಕಬಾಣಾವರದವರಿಗೆ ಅದು ಬೆಂಗಳೂರು ನಗರ ಜಿಲ್ಲೆ. ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ. ದೋಷ ಸಾಬೀತಾದರೆ ರಿಪೇರಿ, ಬದಲಿ ವಸ್ತು, ಹಣ ವಾಪಸ್, ಪರಿಹಾರ, ಯಾವುದನ್ನು ಬೇಕಾದರೂ ಆಯೋಗ ಆದೇಶಿಸಬಹುದು.

ಒಂದು ಗಡುವು ನೆನಪಿರಲಿ: ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. "ನೋಡೋಣ" ಅಂತ ಸರ್ವಿಸ್ ಸೆಂಟರ್ ಅಲೆದಾಡಿಸುವಾಗಲೂ ಆ ಗಡಿಯಾರ ಓಡ್ತಿರುತ್ತೆ. ಬಿಲ್ ಎಲ್ಲಿಟ್ಟಿದ್ದೀರಿ ಅಂತ ಇವತ್ತೇ ಹುಡುಕಿ, ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.